ಹತ್ತೊಂಬತ್ತನೆಯ ತೆಪ್ಪಣ್ಣ

“ತಿಪ್ಪಣ್ಣ ರೇವಪ್ಪ ಬಿರಾದಾರ!”

ಯಾರೂ ಏಳಲಿಲ್ಲ. ಹೆಡ್‌ಮಾಸ್ತರ ಶ್ರೀಶೈಲಪ್ಪ ಸರ್ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಐದನೆಯ ಕ್ಲಾಸನ್ನು ಒಂದು ಸುತ್ತು ನೋಡಿದರು. ಎರಡನೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

“ಸರ್, ತಿಪ್ಪಣ್ಣ ಅಲ್ರಿ. ತೆಪ್ಪಣ್ಣ.”

“ಏನಂದಿ?”

“ತೆಪ್ಪಣ್ಣ ರೀ. ಎತ್ವದ ತೆ.”

ಸರ್ ಮೇಜಿನ ಮೇಲಿದ್ದ ದಪ್ಪ ದಾಖಲಾತಿ ರಜಿಸ್ಟರ್ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟರು. “ಇಲ್ಲಿ ತಿಪ್ಪಣ್ಣ ಅಂತ ಐತಿ ನೋಡು. ಒಂದನೇ ಕ್ಲಾಸಿಗೆ ಸೇರಿಸುವಾಗ ಬರದದ್ದು. ತಿಪ್ಪಣ್ಣ ಅಂದ್ರ ನನಗ ತಿಳೀತೈತಿ. ನಮ್ಮ ಇಂಡಿ ಊರಾಗ ಓಣಿಗೊಬ್ಬ ತಿಪ್ಪಣ್ಣ ಅದಾನ. ತೆಪ್ಪಣ್ಣ ಅಂದ್ರ ಏನೋ?”

ತೆಪ್ಪಣ್ಣ ಬಾಯಿ ತೆರೆದ. ಹತ್ತು ವರ್ಷದಿಂದ ಆ ಹೆಸರನ್ನು ಹೊತ್ತು ತಿರುಗುತ್ತಿದ್ದರೂ ಈ ಪ್ರಶ್ನೆಯನ್ನು ಅವನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

“ಗೊತ್ತಿಲ್ರಿ ಸರ್.”

ಕ್ಲಾಸು ಘೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಿಂದ ಚೇತನಕುಮಾರ ಕೂಗಿದ, “ಸರ್, ಅಂವ ತಪ್ಪಣ್ಣ ರೀ! ಹೆಸರು ಬರಸೂವಾಗ ಅವರಪ್ಪ ತಪ್ಪ್ಯಾನ!”

“ಏ, ಸುಮ್ಮಕುಂಡ್ರೋ!” ಸರ್ ಡಸ್ಟರಿನಿಂದ ಮೇಜು ಕುಟ್ಟಿದರು. ಆಮೇಲೆ ದನಿ ಇಳಿಸಿ ಹೇಳಿದರು, “ನೋಡಪಾ, ನವೋದಯ ಪರೀಕ್ಷಾ ಫಾರ್ಮ್ ಇದು. ರಜಿಸ್ಟರ್‌ನಾಗ ಹೆಂಗೈತಿ ಹಂಗ ಬರೀಬೇಕು. ತಿಪ್ಪಣ್ಣ ಇರ್ಲಿ ಅಂದ್ರ ಈಗ ತುಂಬಿಬಿಡ್ತೇನಿ. ಬ್ಯಾಡಂದ್ರ ಸೋಮವಾರ ನಿಮ್ಮಪ್ಪನ ಸಹಿ ಮಾಡಿದ ಅರ್ಜಿ ತೊಗೊಂಡು ಬಾ. ಸೋಮವಾರ ಕಡೇ ದಿನ. ಮುಂದ ಮಾರ್ಕ್ಸ್‌ಕಾರ್ಡು, ಸರ್ಟಿಫಿಕೇಟು ಎಲ್ಲಾ ಇದೇ ಹೆಸರಿಲೆ ಬರ್ತಾವ. ತಿಳೀತಿಲ್ಲೋ?”

“ಹೌದ್ರಿ.”

“ಅರ್ಜಿ ಕೊಡೂದೇ ಆದ್ರ ಒಂದು ಚಂದ ಹೆಸರು ಬರಸ್ಕೊಂಡು ಬಾ. ಈಗಿನ ಹುಡುಗರು ಇಟ್ಕೋತಾರಲ್ಲ, ಅಂಥಾದ್ದು.”

ಆಟದ ಹೊತ್ತಿನಲ್ಲಿ ಚೇತನಕುಮಾರ ಮೂವರನ್ನು ಸೇರಿಸಿಕೊಂಡು ಕಾಗುಣಿತ ಶುರುಮಾಡಿದ. ಒಂದನೆಯ ಕ್ಲಾಸಿನ ಮಕ್ಕಳ ಹಾಗೆ ರಾಗ ಎಳೆದು, ಕೈ ತಟ್ಟಿ, “ತಪ್ಪಣ್ಣ, ತಾಪ್ಪಣ್ಣ, ತಿಪ್ಪಣ್ಣ, ತೀಪ್ಪಣ್ಣ, ತುಪ್ಪಣ್ಣ...” ಎಂದು ನೀರಿನ ಟಾಕಿಯ ಸುತ್ತ ಓಡಿದರು. ತುಪ್ಪಣ್ಣ ಅಂದಾಗ ಅದೇ ಕ್ಲಾಸಿನ ಪಲ್ಲವಿಗೂ ನಗು ತಡೆಯಲಾಗಲಿಲ್ಲ. ಪಲ್ಲವಿ ಯಾವತ್ತೂ ಯಾರನ್ನೂ ಆಡಿಕೊಳ್ಳುವವಳಲ್ಲ. ಅದರಿಂದಲೇ ತೆಪ್ಪಣ್ಣನಿಗೆ ಹೆಚ್ಚು ನೋವಾಯಿತು.

ಗಣಿತದ ಪೀರಿಯಡ್ಡಿನಲ್ಲಿ ಅವನು ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು ಬರೆದ: ಪ್ರಜ್ವಲ ರೇವಪ್ಪ ಬಿರಾದಾರ. ಚೆನ್ನಾಗಿ ಕಾಣಿಸಿತು. ಕೆಳಗೆ ಗೆರೆ ಎಳೆದ.

* * *

ಊರಂಚಿನಲ್ಲಿ ಅಪ್ಪನ ನರ್ಸರಿ. ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಗೇಣುದ್ದದ ಲಿಂಬೆ ಸಸಿಗಳು ಸಾಲಾಗಿ ನಿಂತಿದ್ದವು. ಅಪ್ಪ ಝಾರಿ ಹಿಡಿದು ನೀರು ಹಾಕುತ್ತಿದ್ದ. ಒಂದೊಂದು ಚೀಲಕ್ಕೂ ಎರಡೆಣಿಕೆ, ಆಮೇಲೆ ಮುಂದಿನದು.

“ಅಪ್ಪಾ, ನನ್ನ ಹೆಸರು ಬದಲ್ ಮಾಡು.”

ಝಾರಿ ಒಂದೇ ಸಸಿಯ ಮೇಲೆ ನಿಂತುಬಿಟ್ಟಿತು. ಚೀಲ ತುಂಬಿ ಕೆಂಪು ನೀರು ಹೊರಗೆ ಹರಿಯಿತು.

“ಯಾಕ? ಏನಾತು?”

ತೆಪ್ಪಣ್ಣ ಎಲ್ಲ ಹೇಳಿದ. ಕಾಗುಣಿತದ ಮಾತು ಹೇಳುವಾಗ ಮಾತ್ರ ಬೇರೆ ಕಡೆ ನೋಡಿದ. “ತೆಪ್ಪಣ್ಣ ಅಂದ್ರ ಏನಪ್ಪಾ? ಸರ್‌ಗೂ ಗೊತ್ತಿಲ್ಲ.”

“ತೆಪ್ಪ ಅಂದ್ರ...” ಅಪ್ಪ ಝಾರಿ ಕೆಳಗಿಟ್ಟು ಎರಡೂ ಅಂಗೈ ಚಪ್ಪಟೆ ಮಾಡಿ ಗಾಳಿಯಲ್ಲಿ ತೇಲಿಸಿದ. “ನೀರಿನ ಮ್ಯಾಲ ಹೊಕ್ಕೈತಲ್ಲ, ಅದು.”

“ಹಡಗ?”

“ಹಡಗಲ್ಲೋ.”

“ದೋಣಿ?”

“ದೋಣೀನೂ ಅಲ್ಲ. ಅದು ಬ್ಯಾರೇನ ಇರ್ತೈತಿ.” ಅಪ್ಪ ಸುತ್ತ ನೋಡಿದ. ಕಣ್ಣಿಗೆ ಬಿದ್ದದ್ದು ಲಿಂಬೆ ತೋಟ, ಕರಿಹೊಲ, ದೂರದಲ್ಲಿ ಒಂದು ಬಾವಿ. “ಇಲ್ಲಿ ಹೊಳಿ ಇಲ್ಲ, ಏನೂ ಇಲ್ಲ. ಯಾವುದನ್ನ ತೋರಸ್ಲೋ ನಿನಗ?”

ಹೊಳೆ ಇದ್ದದ್ದು ಅವರ ಹಳೆಯ ಊರು ಮಡಿನಾಳದಲ್ಲಿ. ಬಸವನ ಬಾಗೇವಾಡಿ ತಾಲೂಕಿನ ಆ ಊರು ಕೃಷ್ಣೆಯ ದಂಡೆಗಿತ್ತು. ಆಲಮಟ್ಟಿ ಡ್ಯಾಮಿನ ನೀರು ಬರುತ್ತದೆಂದು ಇಡೀ ಊರು ಗಂಟುಮೂಟೆ ಕಟ್ಟಿ ಎದ್ದಾಗ ತೆಪ್ಪಣ್ಣನಿಗೆ ನಾಲ್ಕು ವರ್ಷ. ಊರಿನ ಮಂದಿಯಲ್ಲಿ ಅರ್ಧದಷ್ಟು ಜನ ಸರಕಾರ ಕಟ್ಟಿಸಿದ ಹೊಸ ಊರಿಗೆ ಹೋದರು. ಉಳಿದವರು ಸಿಂದಗಿ, ಮುದ್ದೇಬಿಹಾಳ ಎಂದು ದಿಕ್ಕಿಗೊಬ್ಬರಾದರು. ಇವರು ಇಂಡಿಗೆ ಬಂದರು. ತೆಪ್ಪಣ್ಣನಿಗೆ ಹಳೆಯ ಊರಿನ ನೆನಪೆಂದರೆ ಒಂದು ಕಲ್ಲಿನ ಮೆಟ್ಟಿಲು ಮಾತ್ರ. ಅದು ಯಾರ ಮನೆಯದೋ ಅವನಿಗೆ ಗೊತ್ತಿರಲಿಲ್ಲ.

ರಾತ್ರಿಯ ಊಟಕ್ಕೆ ಕೂತಾಗ ಅಪ್ಪ ಮಾತು ತೆಗೆದ. ಅಜ್ಜಿ ಗುರವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ತೆಪ್ಪಣ್ಣ ಅವಳನ್ನು ಆಯಿ ಎಂದೇ ಕರೆಯುತ್ತಿದ್ದ.

“ಆ ಹೆಸರು ನಾವು ಇಟ್ಟದ್ದಲ್ಲ. ಸೂಲಗಿತ್ತಿ ಮರೆವ್ವ ಇಟ್ಟಾಳ. ಬದಲ್ ಮಾಡೂದಾದ್ರ ಆಕಿನ್ನ ಕೇಳಬೇಕು.”

“ಈಗಿನ ಕಾಲದಾಗ ಹಂಗೆಲ್ಲ ಯಾರು ಕೇಳ್ತಾರ್ರಿ ಅತ್ತಿ?” ಅಂದಳು ಅವ್ವ ಸುನಂದಾ. “ಚಂದ ಹೆಸರಿದ್ರ ಹುಡುಗಗ ಚಲೋ ಅಲ್ಲೇನ್ರಿ?”

“ಚಲೋನ. ನಾ ಬ್ಯಾಡ ಅಂದ್ನೇನು?” ಆಯಿ ಮತ್ತೆ ರೊಟ್ಟಿ ಮುರಿದಳು. “ಖರೆ ಆಕಿನ್ನ ಕೇಳ್ದ ಮಾಡಬಾರ್ದು. ರೇವಪ್ಪಾ, ಐತವಾರ ಕರ್ಕೊಂಡು ಹೋಗಿ ಬಾ. ಅಂವ ತಾನ ಕೇಳ್ಲಿ.”

* * *

ಭಾನುವಾರ ಬೆಳಿಗ್ಗೆ ಇಂಡಿಯಿಂದ ವಿಜಾಪುರ, ಅಲ್ಲಿಂದ ಬಾಗೇವಾಡಿ, ಆಮೇಲೆ ಇನ್ನೊಂದು ಬಸ್ಸು. ಅರ್ಜಿ ಬರೆಯಲು ಬೇಕಾದೀತೆಂದು ತೆಪ್ಪಣ್ಣ ರಫ್ ನೋಟ್‌ಬುಕ್ಕನ್ನೂ ಪೆನ್ನನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದ. ದಾರಿಯುದ್ದಕ್ಕೂ ಒಂದೇ ಮಾತನ್ನು ಮನಸ್ಸಿನಲ್ಲಿ ಉರು ಹೊಡೆಯುತ್ತಿದ್ದ: ‘ನನಗ ಈ ಹೆಸರು ಬ್ಯಾಡ್ರಿ. ನೀವು ಹೂಂ ಅನ್ರಿ.’ ಅವಳು ಸಿಟ್ಟಾದರೆ? ಅತ್ತರೆ? ಅದನ್ನು ಅವನು ಯೋಚಿಸಲಿಲ್ಲ. ಅಂದರೆ, ಯೋಚಿಸದಿರಲು ಬಹಳ ಪ್ರಯತ್ನಪಟ್ಟ.

ಅಪ್ಪ ಮಾತ್ರ ಬಾಗೇವಾಡಿ ದಾಟಿದ ಮೇಲೆ ಬೇರೆಯೇ ಮನುಷ್ಯನಾಗಿದ್ದ. ಇಂಡಿಯಲ್ಲಿ ದಿನಕ್ಕೆ ಹತ್ತು ಮಾತು ಆಡುವವನು ಕಿಟಕಿಯ ಹೊರಗೆ ಕೈಮಾಡಿ ಒಂದೇ ಸಮನೆ ಮಾತಾಡುತ್ತಿದ್ದ. “ಈ ತಿರುವಿನ್ಯಾಗ ನಮ್ಮ ಎತ್ತು ತಾವ ನಿಲ್ತಿದ್ದುವು. ಇಲ್ಲಿಂದ ನೋಡಿದ್ರ ನಮ್ಮೂರಿನ ಬೇವಿನ ಗಿಡ ಕಾಣ್ತಿತ್ತು. ಅಕಾ ಅಲ್ಲಿ.”

ತೆಪ್ಪಣ್ಣ ನೋಡಿದ. ಅಲ್ಲಿ ಬೇವಿನ ಗಿಡ ಇರಲಿಲ್ಲ. ಹೊಲಗಳು ಮುಗಿದ ಮೇಲೆ ತಗಡಿನ ಹಾಗೆ ಹೊಳೆಯುವ ನೀರು, ಅಷ್ಟೆ.

ಹೊಸ ಊರಿನ ಓಣಿಗಳು ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗಿದ್ದವು. ಮನೆಗಳ ಗೋಡೆಯ ಮೇಲೆ ನಂಬರು. ಬಸ್ಸಿನಿಂದ ಇಳಿಯುತ್ತಲೇ ಅಪ್ಪ ಹಿಂತಿರುಗಿ ಕೂಗಿದ:

“ತೆಪ್ಪಣ್ಣಾ, ಚೀಲ ಮರೀಬ್ಯಾಡ!”

“ಓ!” ಎಂದ ಚಹಾ ಅಂಗಡಿಯ ಬೆಂಚಿನ ಮೇಲಿದ್ದವನೊಬ್ಬ.

“ಯಾರ್ರಿ?” ಎಂದ ಸೈಕಲ್ ಪಂಕ್ಚರ್ ಹಾಕುತ್ತಿದ್ದ ಇನ್ನೊಬ್ಬ, ತಲೆ ಎತ್ತದೆ.

ತೆಪ್ಪಣ್ಣ ಬಸ್ಸಿನ ಮೆಟ್ಟಿಲ ಮೇಲೆಯೇ ನಿಂತುಬಿಟ್ಟ. ಅಪ್ಪ ಗಹಗಹಿಸಿ ನಕ್ಕ. ಅವನು ಹಾಗೆ ನಕ್ಕದ್ದನ್ನು ತೆಪ್ಪಣ್ಣ ನೋಡಿಯೇ ಇರಲಿಲ್ಲ.

“ನಿಮ್ಮನ್ನಲ್ರೋ! ನನ್ನ ಮಗನ್ನ ಕರದೆ.”

“ರೇವಪ್ಪಾ! ನೀ ಯಾವಾಗ ಬಂದಿ?” ಬೆಂಚಿನವನು ಎದ್ದು ಬಂದ. ಕರಿ ಮೈಬಣ್ಣ, ಬಿಳಿ ಹಲ್ಲು. “ಇಂವನೇನು? ಇಷ್ಟೆತ್ತರ ಆಗ್ಯಾನಲ್ಲೋ! ಬಾರಪಾ ಮರಿ ತೆಪ್ಪಣ್ಣ. ನಾನು ಕರೇ ತೆಪ್ಪಣ್ಣ. ಅಂವ ಪಂಕ್ಚರ್ ತೆಪ್ಪಣ್ಣ. ಇಲ್ಲಿ ಬರೇ ತೆಪ್ಪಣ್ಣ ಅಂತ ಕೂಗಿದ್ರ ಯಾರು ಬರ್ತಾರಂತ ಹೇಳಾಕ ಬರೂದಿಲ್ಲ.”

ಹೆಸರು ಕೇಳಿ ಯಾರೂ ನಗಲಿಲ್ಲ. ಆ ಹೆಸರನ್ನು ಅವರು ‘ಬಸಣ್ಣ’ ಎನ್ನುವಷ್ಟು ಸಲೀಸಾಗಿ ಹೇಳುತ್ತಿದ್ದರು. ತನ್ನ ಅಂಗಿಯನ್ನೇ ಬೇರೆಯವರು ತೊಟ್ಟುಕೊಂಡು ನಿಂತ ಹಾಗೆ ತೆಪ್ಪಣ್ಣನಿಗೆ ಅನಿಸಿತು. ಅದೂ ಅವರ ಮೈಮೇಲೆ ಸರಿಯಾಗಿಯೇ ಇತ್ತು.

* * *

ಮರೆವ್ವನ ಮನೆ ಕಡೆಯ ಸಾಲಿನಲ್ಲಿತ್ತು. ಅವಳು ಕಟ್ಟೆಯ ಮೇಲೆ ಕೂತು ಮೊರದಲ್ಲಿ ಶೇಂಗಾ ಒಡೆಯುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಮೈ ಒಣಗಿದ್ದರೂ ಬೆರಳುಗಳು ಮಾತ್ರ ಉದ್ದ, ಚುರುಕು.

“ಗುರವ್ವಕ್ಕನ ಮೊಮ್ಮಗ ಹೌದಿಲ್ಲೋ?” ಅಪ್ಪ ಹೇಳುವುದಕ್ಕೆ ಮೊದಲೇ ಅಂದಳು. “ಅದ ಕಿವಿ. ನಾ ಮೊದಲ ನೋಡಿದಾಗ ಇಷ್ಟಿದ್ದಿ ನೀ.” ಮೊಣಕೈಯಿಂದ ಮಣಿಕಟ್ಟಿನವರೆಗೆ ತೋರಿಸಿದಳು.

ಅಪ್ಪ ಅವಳ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತ. ಮಗನ ಬೆನ್ನಿಗೆ ಮೆಲ್ಲಗೆ ತಟ್ಟಿದ. “ಇಂವ ನಿನ್ನ ಒಂದು ಮಾತು ಕೇಳಬೇಕಂತ ಬಂದಾನ.”

ಉರು ಹೊಡೆದದ್ದೆಲ್ಲ ಮರೆತುಹೋಯಿತು. “ಆಯೀ... ನನ್ನ ಹೆಸರು... ಅದನ್ನ ಬದಲ್ ಮಾಡಲೇನ್ರಿ?”

ಮರೆವ್ವ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಒಂದು ಶೇಂಗಾ ಒಡೆದು ಬೀಜವನ್ನು ಅವನ ಅಂಗೈಗೆ ಹಾಕಿದಳು.

“ಮಾಡ್ಕೋ ಅಪ್ಪಾ. ಹೆಸರು ನಿಂದು. ಸಾಲ್ಯಾಗ ಹುಡುಗರು ಚ್ಯಾಷ್ಟಿ ಮಾಡ್ತಾರೇನು?”

“ಹೌದ್ರಿ.”

“ಮಾಡ್ತಾರ. ಅವರಿಗೇನು ಗೊತ್ತು? ಬದಲ್ ಮಾಡ್ಕೋ. ಖರೆ ಇಷ್ಟು ದೂರ ಬಂದೀದಿ, ನಾ ಯಾಕ ಇಟ್ಟೆ ಅಂತ ಕೇಳ್ಕೊಂಡು ಹೋಗು.”

ಇಷ್ಟು ಸುಲಭವಾಗಿ ಒಪ್ಪಿಗೆ ಸಿಗುತ್ತದೆಂದು ತೆಪ್ಪಣ್ಣ ಎಣಿಸಿರಲಿಲ್ಲ. ಖುಷಿಯಾಗಬೇಕಿತ್ತು. ಏಕೋ ಆಗಲಿಲ್ಲ. ಅವನು ಕೆಳಗೆ ಕೂತ.

ಮರೆವ್ವ ಮೊರದಲ್ಲಿನ ಸಿಪ್ಪೆ ಸರಿಸಿ ಎರಡು ಶೇಂಗಾಕಾಯಿ ಇಟ್ಟಳು. ನಡುವೆ ಬೆರಳಿನಿಂದ ಗೆರೆ ಎಳೆದಳು.

“ಇದು ಊರು. ಇದು ನಮ್ಮ ಕೇರಿ. ನಡುವ ಹಳ್ಳ. ಬ್ಯಾಸಿಗ್ಯಾಗ ದಾಟಿದ್ರ ಪಾದ ಸೈತ ತೋಯ್ತಿದ್ದಿಲ್ಲ. ಶ್ರಾವಣದಾಗ ಹೊಳಿ ಬಂತೋ, ಹೊಳಿ ನೀರು ಹಿಂದ ಒತ್ತಿ ಹಳ್ಳದಾಗ ನುಗ್ಗತಿತ್ತು. ಎರಡಾಳು ನೀರು! ಊರು ಆ ಕಡೆ, ಕೇರಿ ಈ ಕಡೆ. ಬಸರಿ ಹೆಣಮಗಳು ಆ ಕಡೆ, ಸೂಲಗಿತ್ತಿ ಈ ಕಡೆ. ಕೂಸು ನೀರು ಇಳೀತನಕ ಕಾಯ್ತೈತೇನು?”

“ಇಲ್ರಿ.”

“ಹಾಂ. ಅದಕ್ಕ ತೆಪ್ಪ. ಒಣಗಿದ ಸೋರೆ ಬುರುಡಿ ಒಂದು ಹತ್ತು ಹನ್ನೆರಡು, ಮ್ಯಾಲ ಬಿದಿರು ಅಡ್ಡ ಉದ್ದ ಹಾಕಿ ಹಗ್ಗದಿಂದ ಬಿಗಿಯೂದು.”

“ಮುಳುಗೂದಿಲ್ಲೇನ್ರಿ?”

“ಬುರುಡಿ ಒಳಗ ಬರೇ ಗಾಳಿ. ಹೆಂಗ ಮುಳುಗತೈತಿ? ಮುಳುಗೂದಿಲ್ಲ. ಖರೆ ಮಗುಚತೈತಿ. ಒಬ್ರು ಆ ತುದಿಗೆ, ಒಬ್ರು ಈ ತುದಿಗೆ ಕುಂತ್ರ ಮುಗೀತು. ಎಲ್ಲಾರೂ ನಟ್ಟನಡುವ ಒತ್ತಿಕೊಂಡು ಕುಂಡ್ರಬೇಕು.” ಮರೆವ್ವ ಅಪ್ಪನ ಕಡೆ ತಿರುಗಿ ಕಣ್ಣು ಕಿರಿದು ಮಾಡಿ ನಕ್ಕಳು. “ನೀ ಹುಟ್ಟೂ ದಿನ ನನ್ನ ಕರ್ಯಾಕ ಬಂದಾಂವ ನಿಮ್ಮಪ್ಪನ. ಬಿರಾದಾರ ಮನಿತನದವ್ರು ನಮ್ಮ ಕೇರಿಗೆ ಬಂದ್ರ ಮಾರು ದೂರ ನಿಂತು ಮಾತಾಡ್ತಿದ್ರು. ಅವತ್ತ ನನ್ನ ಮೊಣಕಾಲಿಗೆ ಮೊಣಕಾಲು ಹಚ್ಚಿ ಕುಂತಿದ್ದ. ನಡಗಾಕತ್ತಿದ್ದ. ‘ನನ್ನ ಕೈ ಹಿಡ್ಕೋ ತಮ್ಮಾ’ ಅಂದೆ. ಹಿಡ್ಕೊಂಡ ನೋಡು.”

ಅಪ್ಪ ತಲೆ ತಗ್ಗಿಸಿ ಶೇಂಗಾದ ಸಿಪ್ಪೆಯೊಂದನ್ನು ಸಣ್ಣಗೆ ಪುಡಿ ಮಾಡುತ್ತಿದ್ದ. “ಹೌದು,” ಎಂದ. “ಗಟ್ಟಿ ಹಿಡ್ಕೊಂಡಿದ್ದೆ.”

“ಹಂಗ ತೆಪ್ಪದಾಗ ಬಂದು ನಾ ಹಿಡಿದ ಕೂಸು ಗಂಡಾದ್ರ ತೆಪ್ಪಣ್ಣ, ಹೆಣ್ಣಾದ್ರ ತೆಪ್ಪವ್ವ. ನಮ್ಮತ್ತಿ ಕಾಲದಿಂದ ಹಂಗ. ಕೂಸಿಗೆ ಹೆಸರಿಡೂ ಮಾನ ಅವತ್ತೊಂದಿನ ನಮಗ. ಬ್ಯಾರೆ ಊರಾಗ ಈ ಹೆಸರು ಎಲ್ಲಿಂದ ಇರಬೇಕು? ಅಲ್ಲಿ ಸೂಲಗಿತ್ತಿ ನಡಕೋತ ಬರ್ತಾಳ.”

ತೆಪ್ಪಣ್ಣ ಮೊರದಲ್ಲಿನ ಗೆರೆಯನ್ನು ನೋಡುತ್ತ ಕೂತಿದ್ದ. ಆಮೇಲೆ ಕೇಳಿದ, “ಎಷ್ಟು ಮಂದಿ ತೆಪ್ಪಣ್ಣ ಅದಾರ್ರಿ?”

“ನನ್ನ ಕೈಯಾಗ ಹುಟ್ಟಿದವ್ರು? ಬರಕೋ, ಹೇಳ್ತೇನಿ.”

ಅವನು ನೋಟ್‌ಬುಕ್ ತೆಗೆದ. ಮರೆವ್ವ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತ ಹೇಳತೊಡಗಿದಳು. ಗಿರಣಿ ತೆಪ್ಪಣ್ಣ, ಈಗ ಸಿಂದಗಿಯಲ್ಲಿ. ಕರೇ ತೆಪ್ಪಣ್ಣ. ಮಾಸ್ತರ ತೆಪ್ಪಣ್ಣ, ಮುದ್ದೇಬಿಹಾಳದಲ್ಲಿ. ಅವಳಿ ಜವಳಿ ಇಬ್ಬರು, ದೊಡ್ಡ ತೆಪ್ಪಣ್ಣ, ಸಣ್ಣ ತೆಪ್ಪಣ್ಣ. “ಅವತ್ತ ತೆಪ್ಪ ಎರಡು ಸಲ ದಾಟಿತು ನೋಡು, ಬಿಸಿನೀರಿಗೆ ಕಟ್ಟಿಗಿ ಸಾಲಲಿಲ್ಲ.” ಮೂರು ದಿನಕ್ಕೇ ಹೋಗಿಬಿಟ್ಟ ಒಬ್ಬ ತೆಪ್ಪಣ್ಣ. ಅವನ ಬಳಿ ಬಂದಾಗ ಬೆರಳು ಗೆಣ್ಣಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. “ಅವನ್ನೂ ಬರಕೋ.” ಪಂಕ್ಚರ್ ತೆಪ್ಪಣ್ಣ. ಮಿಲಿಟರಿಗೆ ಹೋದ ತೆಪ್ಪಣ್ಣ. ತೆಪ್ಪ ನಡೆಸುತ್ತಿದ್ದ ರಸೂಲಸಾಬನ ಮನೆಯಲ್ಲೇ ಹುಟ್ಟಿದ ಒಬ್ಬ. “ಅವರು ಬ್ಯಾರೆ ಹೆಸರು ಇಟ್ಟಾರ, ಖರೆ ಊರಾಗ ಎಲ್ಲಾರೂ ತೆಪ್ಪಣ್ಣ ಅಂತನ ಕರಿತಿದ್ರು.”

ತೆಪ್ಪಣ್ಣ ಪ್ರತಿಯೊಬ್ಬರಿಗೂ ನಂಬರು ಹಾಕಿದ. ಎದುರಿಗೆ ಈಗಿರುವ ಊರು ಬರೆದ. ಗೊತ್ತಿಲ್ಲದ ಕಡೆ ಪ್ರಶ್ನೆಯ ಗುರುತು ಹಾಕಿದ. ಹಾಳೆ ತುಂಬಿತು.

“ಆತು. ಒಟ್ಟು ಹತ್ತೊಂಬತ್ತು,” ಅಂದಳು ಮರೆವ್ವ.

ತೆಪ್ಪಣ್ಣ ಎಣಿಸಿದ. “ಹದಿನೆಂಟ ಅದಾವ್ರಿ.”

“ಹತ್ತೊಂಬತ್ತು.”

ಅವನು ಪೆನ್ನಿನ ತುದಿಯಿಂದ ಒಂದೊಂದೇ ಹೆಸರು ಮುಟ್ಟಿ ಮೇಲಿನಿಂದ ಕೆಳಕ್ಕೆ, ಆಮೇಲೆ ಕೆಳಗಿನಿಂದ ಮೇಲಕ್ಕೆ ಎಣಿಸಿದ. ಹದಿನೆಂಟೇ. “ಒಂದು ಹೆಸರು ಬಿಟ್ಟೈತ್ರಿ. ನೀವು ಮರ್ತೀರಿ.”

“ನಾ ಮರೀತೇನೇನೋ?” ಮರೆವ್ವ ನೋಟ್‌ಬುಕ್ಕಿನ ಮೇಲೆ ಬಾಗಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ನೋಡಿದಳು. ಆಮೇಲೆ ಅವನ ಹಣೆಯ ಮೇಲೆ ಬೆರಳಿನಿಂದ ಮೆಲ್ಲಗೆ ಬಡಿದಳು. “ಇದರಾಗ ನೀ ಎಲ್ಲದಿ, ಹುಚ್ಚಾ?”

ತೆಪ್ಪಣ್ಣ ಹಾಳೆಯನ್ನು ನೋಡಿದ. ಕೆಳಗೆ ಒಂದೇ ಸಾಲಿನ ಜಾಗ ಉಳಿದಿತ್ತು. ಅವನು ಬರೆದ: ೧೯. ತೆಪ್ಪಣ್ಣ, ಇಂಡಿ.

ಬರೆಯುವಾಗ ಎತ್ವವನ್ನು ಸ್ವಲ್ಪ ಒತ್ತಿಯೇ ಬರೆದ.

“ಇಪ್ಪತ್ತನೇದವ ಯಾರ್ರಿ?”

“ಇಪ್ಪತ್ತು ಇಲ್ಲ. ಮರುವರ್ಷ ಹೊಳಿನ ಸರಿಯಾಗಿ ಬರಲಿಲ್ಲ. ಆಮ್ಯಾಲೆ ಊರ ಎದ್ದಿತು. ಈಗ ದವಾಖಾನಿಗೆ ಜೀಪಿನ್ಯಾಗ ಹೊಕ್ಕಾರ.” ಮರೆವ್ವ ಮೊರವನ್ನು ಒಮ್ಮೆ ಅಲ್ಲಾಡಿಸಿದಳು. ಊರು, ಕೇರಿ, ಹಳ್ಳ ಎಲ್ಲ ಒಂದಾಯಿತು. “ಚಲೋನ ಆತು ಬಿಡು. ಕೂಸು ಉಳೀತಾವ.”

* * *

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ತೆಪ್ಪಣ್ಣ ಹೆಡ್‌ಮಾಸ್ತರರ ಮುಂದೆ ಅರ್ಜಿ ಇಟ್ಟ. ಶ್ರೀಶೈಲಪ್ಪ ಸರ್ ಓದಿ ಹುಬ್ಬೇರಿಸಿದರು.

“ಮತ್ತ ತೆಪ್ಪಣ್ಣ ಅಂತನ ಬರ್ಕೊಂಡು ಬಂದೀದೆಲ್ಲೋ! ಚಂದ ಹೆಸರು ಯಾವುದೂ ಸಿಗಲಿಲ್ಲೇನು?”

“ಸಿಕ್ಕಿತ್ರಿ. ಇದ ಇರ್ಲಿ ಸರ್.”

“ಈಗರೆ ಗೊತ್ತಾತೇನು, ಹಂಗಂದ್ರ ಏನಂತ?”

“ಗೊತ್ತಾತ್ರಿ. ಹೊಳಿ ಬಂದಾಗ ಹುಟ್ಟಿದಂವ ಅಂತ. ಸೂಲಗಿತ್ತಿ ತೆಪ್ಪದಾಗ ದಾಟಿ ಬಂದಿದ್ಲು ರೀ. ನಮ್ಮಪ್ಪ ಆಕಿ ಕೈ ಹಿಡ್ಕೊಂಡಿದ್ದ ರೀ.”

ಸರ್ ರಜಿಸ್ಟರ್ ತೆರೆದು ಕೆಂಪು ಮಸಿಯಿಂದ ‘ತಿಪ್ಪಣ್ಣ’ದ ಮೇಲೆ ಒಂದು ಗೆರೆ ಎಳೆದು, ಮೇಲೆ ‘ತೆಪ್ಪಣ್ಣ’ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಆಮೇಲೆ ನವೋದಯದ ಫಾರ್ಮನ್ನು ಅವನ ಕಡೆ ತಿರುಗಿಸಿದರು.

“ಹೆಸರು ನೀನ ತುಂಬು. ಮತ್ತ ನಾ ತಪ್ಪೂದು ಬ್ಯಾಡ. ಇಂಗ್ಲಿಷ್‌ನಾಗ, ಕ್ಯಾಪಿಟಲ್ ಲೆಟರ್. ಒಂದು ಚೌಕಕ್ಕ ಒಂದ ಅಕ್ಷರ.”

ತೆಪ್ಪಣ್ಣ ನಾಲಗೆ ಕಚ್ಚಿಕೊಂಡು ಒಂದೊಂದೇ ಚೌಕ ತುಂಬಿದ. ಎಂಟು ಅಕ್ಷರ. ಯಾವುದೂ ಗೆರೆ ದಾಟಲಿಲ್ಲ.

“ಶಾಬಾಸ್. ಕೆಳಗ ಹುಟ್ಟಿದ ತಾರೀಖ ನಾ ಬರೀತೇನಿ.” ಸರ್ ರಜಿಸ್ಟರ್ ನೋಡಿ ಬರೆದರು. “ಜೂನ್ ಒಂದು, ತೊಂಬತ್ತು.”

“ಸರ್, ಚೇತನಂದೂ ಜೂನ್ ಒಂದ ಐತ್ರಿ. ಪಲ್ಲವಿದೂ.”

“ಅರ್ಧ ಕ್ಲಾಸಿಂದು ಜೂನ್ ಒಂದ ಐತೋ,” ಸರ್ ನಕ್ಕರು. “ಮಕ್ಕಳನ್ನ ಸೇರಸಾಕ ಬಂದವ್ರಿಗೆ ತಾರೀಖ ಎಲ್ಲಿ ನೆನಪಿರ್ತೈತಿ? ಸಾಲಿ ಶುರುವಾಗೂ ದಿನಾನ ಹಾಕಿಬಿಡ್ತೇವಿ. ಖರೇ ತಾರೀಖ ಯಾರಿಗೂ ಗೊತ್ತಿರೂದಿಲ್ಲ.”

ಜೂನ್ ಒಂದರಂದು ಹಳ್ಳದಲ್ಲಿ ನೀರೇ ಇರುತ್ತಿರಲಿಲ್ಲ. ಆ ದಿನ ಮರೆವ್ವ ಬಂದಿದ್ದರೆ ಅವಳ ಪಾದ ಕೂಡ ತೋಯುತ್ತಿರಲಿಲ್ಲ. ತೆಪ್ಪಣ್ಣನಿಗೆ ಅದು ತಟ್ಟನೆ ಹೊಳೆಯಿತು. ಹೇಳಬೇಕೆಂದು ತಲೆ ಎತ್ತಿದ. ಆಮೇಲೆ ಫಾರ್ಮನ್ನು ತನ್ನ ಕಡೆಗೆ ಎಳೆದುಕೊಂಡ.

ಮಸಿ ಆರಲೆಂದು ಅವನು ಫಾರ್ಮಿನ ಮೇಲೆ ಮೆಲ್ಲಗೆ ಊದಿದ. ಕೆಳಗಿನ ಸಾಲಿನಲ್ಲಿ ಎಲ್ಲರ ಜೂನ್ ಒಂದು ಇತ್ತು. ಮೇಲಿನ ಸಾಲಿನಲ್ಲಿ, ಅವನು ತುಂಬಿದ ಎಂಟು ಚೌಕಗಳಲ್ಲಿ, ಶ್ರಾವಣದ ಹೊಳೆ ಬಂದಿತ್ತು.